ಹೆಬ್ಬೆರಳು

ಹೆಲ್ವಿ ಮೂವತ್ತೊಂದು ವರ್ಷ ಮೀನು ತೂಗಿದವಳು,
ಯೋಎನ್ಸು ಊರಿನ ಪೇಟೆಚೌಕದಲ್ಲಿ, ನದಿಯ ಕಡೆಯ ಮೂಲೆಯಲ್ಲಿ.
ಬೆರಳುದ್ದದ ಕೆರೆಮೀನು, ಕಾಗದದ ಪೊಟ್ಟಣ, ಹಿತ್ತಾಳೆಯ ತಕ್ಕಡಿ.
ಪಕ್ಕದಂಗಡಿಯವನ ಹೆಬ್ಬೆರಳು ಎಷ್ಟು ಗ್ರಾಂ ತೂಗುತ್ತದೆಂದು
ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು.

ಫೆಬ್ರವರಿಯಲ್ಲಿ ಓಸ್ಮೊನ ರಕ್ತದಲ್ಲಿ ಸಕ್ಕರೆ ಕಂಡಿತು.
ಅದೇ ವಾರ ಪತ್ರಿಕೆಯಲ್ಲಿ ದಪ್ಪಕ್ಷರ:
ಕಾಡಿನ ನೀಲಿಹಣ್ಣು ತಿಂದರೆ ಸಕ್ಕರೆಕಾಯಿಲೆಯ ಅಪಾಯ ಅರ್ಧ!
ತಂಗಿ ಫೋನು ಮಾಡಿದಳು. ನೆರೆಯವಳು ಬಕೆಟ್ಟು ತುಂಬ ತಂದಿಟ್ಟಳು.
ಓಸ್ಮೊ ಬೆಳಗ್ಗೆ ಸಂಜೆ ತಿಂದು, ನಾಲಿಗೆ ನೀಲಿ ಮಾಡಿಕೊಂಡು,
ಸಾಸೇಜಿಗೆ ಇನ್ನು ದೋಷವಿಲ್ಲವೆಂದು ತೀರ್ಮಾನಿಸಿದ.

ಅರ್ಧ.
ಯಾವುದರ ಅರ್ಧ?
ತೂಗಿ ಬಾಳಿದವಳಿಗೆ ಮೊದಲು ಹೊಳೆಯುವುದು ಅದು.

ಗ್ರಂಥಾಲಯದ ಪಿಲ್ವಿ, ಮೂಗಿನಲ್ಲಿ ಉಂಗುರ, ಉಗುರಿಗೆ ಹಸಿರು,
ಹೇಳಿದಳು: ಪತ್ರಿಕೆ ಬಿಡಿ, ಅದು ಅಂತೆಕಂತೆಯ ಮೊಮ್ಮಗು.
ಅಜ್ಜಿಯನ್ನೇ ಹುಡುಕೋಣ, ಮೂಲ ಲೇಖನ.
ಆಮೇಲೆ ಇಂಥವನ್ನೆಲ್ಲ ಒಟ್ಟಿಗೆ ರಾಶಿ ಹಾಕಿ
ಜರಡಿ ಹಿಡಿದವರಿದ್ದಾರೆ, ಅವರನ್ನೂ ಕೇಳೋಣ.
ಹದಿನಾಲ್ಕು ಪುಟ ಇಂಗ್ಲಿಷು. ಹೆಲ್ವಿಗೆ ಬರುವುದು
ಪ್ರವಾಸಿಗರಿಗೆ ಮೀನು ಮಾರುವಷ್ಟು.
ಅಂಕಿಗಳಿಗೆ ಮಾತ್ರ ಯಾವ ದೇಶದ ಉಚ್ಚಾರವೂ ಇರಲಿಲ್ಲ.

ವರ್ಷಕ್ಕೆ, ಸಾವಿರಕ್ಕೆ, ನಾಲ್ವರಿದ್ದದ್ದು ಇಬ್ಬರಾಗಿತ್ತು.
ಅರ್ಧವೇ. ಸುಳ್ಳಲ್ಲ.
ಉಳಿದ ಒಂಬೈನೂರ ತೊಂಬತ್ತಾರು ಮಂದಿ
ಹಣ್ಣು ತಿಂದರೂ ಬಿಟ್ಟರೂ ಆ ವರ್ಷ ತಮ್ಮ ಪಾಡಿಗೆ ಇದ್ದರು,
ದಪ್ಪಕ್ಷರದಲ್ಲಿ ಅವರಿಗೆ ಜಾಗ ಸಿಕ್ಕಿರಲಿಲ್ಲ.

ಮತ್ತೆ, ಹಣ್ಣು ತಿನ್ನುವವರು ಯಾರು?
ಕಾಡಿಗೆ ನಡೆದು ಹೋಗುವವರು, ಸೊಳ್ಳೆಗಳ ನಡುವೆ ಬಗ್ಗಿ ಆರಿಸುವವರು.
ಗುಣ ಹಣ್ಣಿನದೋ, ಬಗ್ಗಿದ ಬೆನ್ನಿನದೋ?
ಕೊನೆಯ ಪುಟದಲ್ಲಿ ಸಾಸಿವೆ ಕಾಳಿನಂಥ ಅಕ್ಷರ:
ಧನಸಹಾಯ, ಹಣ್ಣಿನ ರಸದ ಒಂದು ಕಂಪನಿ.

'ಹೆಬ್ಬೆರಳು!' ಹೆಲ್ವಿ ನಕ್ಕಳು.
'ಇರಬಹುದು,' ಎಂದಳು ಪಿಲ್ವಿ,
'ಬೆರಳಿದೆ ಅಂದಮಾತ್ರಕ್ಕೆ ತಟ್ಟೆಯಲ್ಲಿ ಮೀನೇ ಇಲ್ಲ ಅಂತಲ್ಲ.
ಎಷ್ಟು ಒತ್ತಿದೆ, ಅದನ್ನು ನೋಡಬೇಕು.'

ಅನ್ನ ಬೆಂದಿತೇ ಎನ್ನಲು ಒಂದಗುಳು ಸಾಕು ಅನ್ನುತ್ತೇವೆ ನಾವು.
ಸಾಕು, ತಳದಿಂದ ಒಮ್ಮೆ ಕೈಯಾಡಿಸಿದ್ದರೆ.
ಇವರು ಹಿಸುಕಿ ನೋಡಿದ ಅಗುಳು ಯಾವ ಪಾತ್ರೆಯದು?

ಎರಡನೆಯ ಪುಟದಲ್ಲಿತ್ತು.
ಇದೇ ಸೀಮೆಯ ಆರು ಸಾವಿರದ ನೂರ ಹನ್ನೆರಡು ಮಂದಿ,
ತೊಂಬತ್ತೊಂದನೆಯ ಇಸವಿಯ ಚಳಿಗಾಲ, ಆರೋಗ್ಯ ಕೇಂದ್ರ, ಪ್ರಶ್ನೆಪತ್ರಿಕೆ.
ಹೆಲ್ವಿಯ ಕನ್ನಡಕದ ಮೇಲೆ ಉಸಿರು ಕಟ್ಟಿತು.

ನೀಲಿ ಕಾಗದ. ದಾರ ಕಟ್ಟಿದ ಪೆನ್ಸಿಲು.
ಎದುರಿಗೇ ಕೂತ ನರ್ಸು, ತೆಳ್ಳಗೆ, ಬಿಳಿ ಷೂ,
ಚರ್ಚಿನಲ್ಲಿ ತನ್ನ ಮುಂದಿನ ಸಾಲಿನವಳು.
ಬೆಣ್ಣೆ, ವಾರಕ್ಕೆ ಎಷ್ಟು ಸಲ?
ದಿನಕ್ಕೆ ಮೂರು ಸಲವಿತ್ತು. ಎರಡು ಎಂದು ಬರೆದಳು, ವಾರಕ್ಕೆ.
ಸಾಸೇಜು? ಅಪರೂಪ.
ನೀಲಿಹಣ್ಣು? ಆಗಸ್ಟಿನಲ್ಲಿ ಒಂದಿಷ್ಟು ಬಿಟ್ಟರೆ ಇಲ್ಲ.
ಪ್ರತಿದಿನ, ಎಂದು ಬರೆದಳು. ಅಂದವಾಗಿ. ಒತ್ತಿ.

ಚಿತ್ರದಲ್ಲಿ ಚುಕ್ಕೆಗಳ ಮೇಲೆ ಚುಕ್ಕೆ, ಗಂಜಿಗೆ ಕರಿಮೆಣಸು ಚೆಲ್ಲಿದ ಹಾಗೆ.
ಅದರಲ್ಲೊಂದು ತಾನು.
ಉಳಿದವರೂ ನರ್ಸಿನ ಮುಖ ನೋಡಿದ್ದರೇ?
ಕೇಳಲು ಯಾರಿದ್ದಾರೆ.
ಪಿಲ್ವಿಗೆ ಹೇಳಲಿಲ್ಲ.
ಪುಟಗಳನ್ನು ನಾಲ್ಕು ಮಡಿಕೆ ಮಾಡಿ ಕೋಟಿನೊಳಗಿಟ್ಟಳು.

ಹೊರಗೆ ಹಿಮ ಬೂದಿಯಾಗಿತ್ತು. ಬಸ್ಸು ತಡವಾಗಿತ್ತು.

'ಏನಂತೆ, ಹಣ್ಣು ತಿನ್ನಲೋ ಬೇಡವೋ?' ಓಸ್ಮೊ ಕೇಳಿದ.
'ತಿನ್ನು. ಹಣ್ಣು ಹಣ್ಣೇ. ಔಷಧಿ ಅಂದುಕೊಳ್ಳಬೇಡ.'
ಕೋಟು ಕಳಚದೆ ಪೆನ್ಸಿಲು ಹುಡುಕಿದಳು,
ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದಳು.
'ಈವತ್ತು ಸಾಸೇಜು ಎಷ್ಟಾಯಿತು?'

ಓಸ್ಮೊ ಅವಳ ಮುಖ ನೋಡಿದ.
ಒಲೆಯ ಮೇಲೆ ಬಾಣಲೆ ಇನ್ನೂ ಬೆಚ್ಚಗಿತ್ತು,
ಅದರಲ್ಲಿ ಕೊಬ್ಬಿನ ಮೂರು ಗುರುತು, ಒಂದರ ಪಕ್ಕ ಒಂದು.
'ಒಂದು,' ಎಂದ.